ಮುಂಬೈಯಿಂದ ಬೆಂಗಳೂರಿಗೆ: ನಮ್ಮ ಸೀಮೆ ಕಂಡ ಮುಖ್ಯಮಂತ್ರಿಗಳು

ನಮ್ಮ ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು? ಸಮಾಜ ವಿಜ್ಞಾನದ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಹಿಂದಿನ ಬೆಂಚಿನವರೂ ಕೈ ಎತ್ತುತ್ತಿದ್ದರು. ಕೆ. ಸಿ. ರೆಡ್ಡಿ, 1947ರ ಅಕ್ಟೋಬರ್ 25. ಪುಸ್ತಕದ ಪ್ರಕಾರ ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ ಆ ದಿನ ನಮ್ಮ ಚಿಕ್ಕೋಡಿ ಸೀಮೆಯ ಹಿರಿಯರಿಗೂ ರೆಡ್ಡಿಯವರ ಸರಕಾರಕ್ಕೂ ಸಂಬಂಧವೇ ಇರಲಿಲ್ಲ. ಅವರು ಆಳುತ್ತಿದ್ದುದು ಮೈಸೂರನ್ನು. ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು. ಭೋಜದ ಮಕ್ಕಳು ಈ ಪ್ರಶ್ನೆಗೆ ಎರಡು ಉತ್ತರ ಕಲಿಯಬೇಕು ಎಂದು ನಾನು ಹೇಳುತ್ತ ಬಂದದ್ದು ಅದಕ್ಕಾಗಿ.

ನಮ್ಮ ಕಡೆಯ ಉತ್ತರ ಬಾಳಾಸಾಹೇಬ ಗಂಗಾಧರ ಖೇರ್. 1937ರ ಚುನಾವಣೆಯ ನಂತರ ಜುಲೈನಲ್ಲಿ ಅವರು ಮುಂಬೈ ಪ್ರಾಂತದ ಮಂತ್ರಿಮಂಡಳ ರಚಿಸಿದರು. ಆಗ ಆ ಹುದ್ದೆಯನ್ನು ಪ್ರಧಾನಮಂತ್ರಿ ಎನ್ನುತ್ತಿದ್ದರು. ಮುಖ್ಯಮಂತ್ರಿ ಎಂಬ ಹೆಸರು ನೆಲೆಯಾದದ್ದು 1950ರಲ್ಲಿ ಸಂವಿಧಾನ ಜಾರಿಯಾದ ಮೇಲೆ. ಮತವೂ ಎಲ್ಲರಿಗಿರಲಿಲ್ಲ. ಆಸ್ತಿ, ಕಂದಾಯ, ಓದು ನೋಡಿ ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತಿದ್ದರು. ಯುದ್ಧದ ವಿಷಯದಲ್ಲಿ ಬ್ರಿಟಿಷರೊಡನೆ ಭಿನ್ನಾಭಿಪ್ರಾಯ ಬಂದು 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಳಗಳು ರಾಜೀನಾಮೆ ಕೊಟ್ಟವು. ಖೇರ್ ಮತ್ತೆ 1946ರಲ್ಲಿ ಬಂದು 1952ರವರೆಗೆ ಇದ್ದರು.

ವಯಸ್ಕರೆಲ್ಲ ಮತ ಹಾಕಿದ ಮೊದಲ ಚುನಾವಣೆಯಲ್ಲಿ ಒಂದು ಸ್ವಾರಸ್ಯ ನಡೆಯಿತು. ಮುಂದಿನ ನಾಯಕ ಎನಿಸಿಕೊಂಡಿದ್ದ ಮೊರಾರ್ಜಿ ದೇಸಾಯಿ ಸ್ವಂತ ಕ್ಷೇತ್ರದಲ್ಲಿ ಕೇವಲ 19 ಮತಗಳಿಂದ ಸೋತರು. ಸೋತವರೇ 1952ರಲ್ಲಿ ಮುಖ್ಯಮಂತ್ರಿಯೂ ಆದರು, ಉಪಚುನಾವಣೆಯಲ್ಲಿ ಗೆದ್ದು ಬಂದರು. ಆರು ತಿಂಗಳೊಳಗೆ ಸದಸ್ಯರಾದರೆ ಸಾಕು ಎನ್ನುವ ಸಂವಿಧಾನದ ಕಲಮನ್ನು ನಾನು ಪಾಠ ಮಾಡುತ್ತಿದ್ದುದು ಈ ಕಥೆಯಿಂದಲೇ.

ಹೆಸರು, ತಾರೀಖು ಇಷ್ಟು ಸಾಕು. ಮುಖ್ಯಮಂತ್ರಿ ಯಾರಾದರೇನು, ನಮ್ಮ ಹೊಲ ನಾವೇ ಉಳಬೇಕು ಎನ್ನುವ ಮಾತು ಊರಲ್ಲಿದೆ. ಆ ಹೊಲದ ಉತಾರೆಯಲ್ಲಿ ಯಾರ ಹೆಸರಿರಬೇಕು ಎಂಬುದನ್ನೇ ಮುಖ್ಯಮಂತ್ರಿಗಳ ಸರಕಾರಗಳು ನಿರ್ಧರಿಸಿದವು ಎನ್ನುವುದನ್ನು ನಾವು ಮರೆತಿದ್ದೇವೆ.

ಖೇರ್ ಸರಕಾರ 1948ರಲ್ಲಿ ಮಾಡಿದ ಕಾನೂನನ್ನು ನಮ್ಮವರು ಇಂದಿಗೂ ಕುಳ ಕಾಯ್ದೆ ಎನ್ನುತ್ತಾರೆ. ಲಾವಣಿಗೋ ಪಾಲಿಗೋ ಹೊಲ ಮಾಡುವವನನ್ನು ಮನಸ್ಸು ಬಂದಂತೆ ಬಿಡಿಸಬಾರದು ಎಂಬುದು ಅದರ ತಿರುಳು. ಮೊರಾರ್ಜಿಯವರ ಕಾಲದಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. 1957ರ ಏಪ್ರಿಲ್ 1ನ್ನು ಕೃಷಕ ದಿನ ಎಂದು ಗೊತ್ತು ಮಾಡಿ, ಅಂದಿನಿಂದ ಕುಳವೇ ಆ ಹೊಲವನ್ನು ಕೊಂಡಂತೆ ಎಂದು ಬರೆಯಲಾಯಿತು. ಬೆಲೆಯನ್ನು ಆಮೇಲೆ ಕಂತಿನಲ್ಲಿ ತುಂಬಬೇಕು.

ಆ ದಿನಕ್ಕೆ ಐದು ತಿಂಗಳು ಮೊದಲು, 1956ರ ನವೆಂಬರ್ 1ರಂದು, ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಏಕೀಕರಣ ನಮ್ಮ ಹಿರಿಯರ ಬಹುದಿನದ ಆಸೆ. ಅದರಲ್ಲಿ ಎರಡು ಮಾತಿಲ್ಲ. ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಅದಕ್ಕಾಗಿ ದುಡಿದವರೇ. ಆದರೆ ಐದು ಕಡೆಯಿಂದ ಬಂದ ಭಾಗಗಳಿಗೆ ಐದು ಬಗೆಯ ಭೂಕಾನೂನು ಇದ್ದವು. ಇಡೀ ರಾಜ್ಯಕ್ಕೆ ಒಂದೇ ಕಾನೂನು ಆಗುವವರೆಗೆ ಇರಲಿ ಎಂದು ಮೈಸೂರು ಸರಕಾರ 1957ರಲ್ಲಿ ಮುಂಬೈ ಕಾಯ್ದೆಯ ಆ ಕಲಮುಗಳನ್ನು ತಡೆಹಿಡಿಯಿತು. ಗಡಿಯಾಚೆ ಯಶವಂತರಾವ್ ಚವ್ಹಾಣರ ಆಡಳಿತದಲ್ಲಿದ್ದ ಕೊಲ್ಲಾಪುರ ಜಿಲ್ಲೆಯಲ್ಲಿ ಕೃಷಕ ದಿನ ಬಂತು, ಈಚೆ ಬರಲಿಲ್ಲ. ದೂಧಗಂಗಾ, ವೇದಗಂಗೆಯ ನೀರು ಎರಡೂ ಕಡೆಗೆ ಒಂದೇ, ಬೀಗರೂ ಎರಡೂ ಕಡೆ ಇದ್ದಾರೆ. ಕಾನೂನು ಮಾತ್ರ ಬೇರೆಯಾಯಿತು.

ಆ ಒಂದೇ ಕಾನೂನನ್ನು ರೂಪಿಸುವ ಸಮಿತಿಯ ಅಧ್ಯಕ್ಷರು ಬಸಪ್ಪ ದಾನಪ್ಪ ಜತ್ತಿ, 1958ರ ಮೇ 16ರಂದು ತಾವೇ ಮುಖ್ಯಮಂತ್ರಿಯಾದವರು. ಜಮಖಂಡಿ ತಾಲೂಕಿನ ಸಾವಳಗಿಯವರು, ಕೊಲ್ಲಾಪುರದಲ್ಲಿ ವಕೀಲಿ ಓದಿದವರು. ಜಮಖಂಡಿ ಸಂಸ್ಥಾನದ ದಿವಾನರಾಗಿ, ಮುಂಬೈ ಸರಕಾರದಲ್ಲಿ ಉಪಮಂತ್ರಿಯಾಗಿ ಅನುಭವ ಪಡೆದಿದ್ದರು. ನಮ್ಮ ಬೆಳಗಾವಿ ಜಿಲ್ಲೆಯಿಂದ ಇದುವರೆಗೆ ಒಬ್ಬರೂ ಮುಖ್ಯಮಂತ್ರಿಯಾಗಿಲ್ಲ; ನೆರೆಯವರೆಂದು ಹೇಳಿಕೊಳ್ಳಲು ಜತ್ತಿಯವರಿದ್ದಾರೆ. ಅವರ ಕಾಲದಲ್ಲಿ 1961ರ ಭೂಸುಧಾರಣಾ ಕಾಯ್ದೆ ಆಯಿತು. ಆದರೆ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆಂದು ಜಮೀನುದಾರರು ಹೊಲ ಬಿಡಿಸಿಕೊಳ್ಳಲು ಅದರಲ್ಲಿ ದಾರಿಗಳಿದ್ದವು, ತಯಾರಿಗೆ ಸಮಯವೂ ಸಿಕ್ಕಿತು. ಜತ್ತಿಯವರ ಮೇಲೆ ಗೌರವ ಇಟ್ಟುಕೊಂಡೇ ಈ ಮಾತು ಹೇಳಬೇಕಾಗುತ್ತದೆ.

ನಡುವೆ ಎಸ್. ಆರ್. ಕಂಠಿಯವರನ್ನು ನೆನೆಯದೆ ಮುಂದೆ ಹೋಗಲಾರೆ. 1962ರಲ್ಲಿ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಕಂಠಿ ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಸ್ಥಾನ ತೆರವು ಮಾಡಿಸಿ ನಿಜಲಿಂಗಪ್ಪನವರು ಅಲ್ಲಿಂದ ಅವಿರೋಧವಾಗಿ ಗೆದ್ದು ಬಂದೊಡನೆ, ಸುಮಾರು ಮೂರು ತಿಂಗಳು ಕೂತಿದ್ದ ಕುರ್ಚಿಯನ್ನು ಕಂಠಿ ಬಿಟ್ಟುಕೊಟ್ಟರು. ಇದನ್ನು ಕೇಳಿದರೆ ಈಗಿನ ಮಕ್ಕಳು ನಗುತ್ತಾರೆ.

ಹೊಲದ ಮಾತು ಮುಗಿದದ್ದು ಡಿ. ದೇವರಾಜ ಅರಸರ ಕಾಲಕ್ಕೆ. 1972ರಲ್ಲಿ ಬಂದ ಅವರು ಹಳೆಯ ಕಾಯ್ದೆಯ ಬಾಗಿಲುಗಳನ್ನು ಮುಚ್ಚಿದರು. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ಫಾರ್ಮ್ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕು. ಮಂಡಳಿಯಲ್ಲಿ ಪ್ರಾಂತಾಧಿಕಾರಿಯ ಜೊತೆ ಜನಪ್ರತಿನಿಧಿಗಳೂ ಇದ್ದರು, ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕಿತ್ತು. ವಕೀಲರಿಗೆ ಪ್ರವೇಶವಿರಲಿಲ್ಲ. ಸಾಹೇಬರ ಮುಂದೆ ಬಾಯಿ ಬಿಡಲು ಅಂಜುತ್ತಿದ್ದ ರೈತ ತನ್ನ ಹೊಲದ ಬದು, ಬಾವಿ, ಗಿಡ ಹೇಳಿ ಸಾಕ್ಷಿ ಕೊಡಬೇಕಾಯಿತು. ಅರ್ಜಿಯ ಗಡುವು 1979ರ ಜೂನ್ 30ರವರೆಗೆ ಮುಂದೆ ಹೋಯಿತು. ಎರಡೆಕರೆ ಪಾಲಿಗೆ ಕೊಟ್ಟು ಜೀವನ ಮಾಡುತ್ತಿದ್ದ ವಿಧವೆಯರೂ ಈ ಸುಧಾರಣೆಯಲ್ಲಿ ಹೊಲ ಕಳೆದುಕೊಂಡರು. ಅದನ್ನೂ ಬರೆಯದಿದ್ದರೆ ಇತಿಹಾಸ ಅರ್ಧವಾಗುತ್ತದೆ. ಒಟ್ಟಿನಲ್ಲಿ ಗಡಿಯಾಚೆ 1957ರಲ್ಲಿ ಬಂದ ಹಕ್ಕು ನಮ್ಮ ಕಡೆಗೆ ಬರಲು ಮತ್ತೆ ಹದಿನೇಳು ವರ್ಷ ಹಿಡಿಯಿತು.

ಹೊಲ ಸಿಕ್ಕಿತು, ಬೆಳೆಗೆ ಬೆಲೆ ಸಿಗಲಿಲ್ಲ. ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ, 1981ರಲ್ಲಿ, ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಏಪ್ರಿಲ್ 6ರಂದು ಗೋಲಿಬಾರ್ ಆಯಿತು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಹಿಂದಿನ ವರ್ಷವೇ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು. 1983ರ ಜನವರಿಯಲ್ಲಿ ಕಾಂಗ್ರೆಸ್ ಈ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರ ಸಿದ್ದಾಪುರವೂ 1956ರವರೆಗೆ ನಮ್ಮಂತೆ ಮುಂಬೈ ರಾಜ್ಯದಲ್ಲೇ ಇತ್ತು.

ಹೆಗಡೆಯವರ ನಂತರ ಬಂದ ಶಿಗ್ಗಾವಿ ಸೀಮೆಯ ಎಸ್. ಆರ್. ಬೊಮ್ಮಾಯಿ ಒಂದು ವರ್ಷವೂ ಪೂರೈಸಲಿಲ್ಲ. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ 1989ರ ಏಪ್ರಿಲ್ 21ರಂದು ಅವರ ಸರಕಾರವನ್ನು ವಜಾ ಮಾಡಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತದ ತೀರ್ಮಾನ ಆಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದಿತು. ಆ ಹೊತ್ತಿಗೆ ಬೊಮ್ಮಾಯಿಯವರ ಕುರ್ಚಿಯಲ್ಲಿ ಬೇರೆಯವರು ಕೂತು ಹೋಗಿದ್ದರು. ದೇಶದ ಯಾವ ಮೂಲೆಯಲ್ಲಿ ಸರಕಾರ ಅಲುಗಾಡಿದರೂ ಇಂದು ಎತ್ತುವ ಹೆಸರು ಅವರದೇ.

ಒಂದು ವರ್ಷ ಮಕ್ಕಳಿಗೆ, ನಿಮ್ಮ ಮನೆಯ ಹಳೆಯ ಉತಾರೆ ತನ್ನಿ, ಯಾವ ಇಸವಿಯಲ್ಲಿ ಹೆಸರು ಬದಲಾಗಿದೆ ನೋಡೋಣ ಎಂದಿದ್ದೆ. ಒಬ್ಬ ಹುಡುಗಿ ಮಡಚಿ ಮಡಚಿ ಹರಿದಿದ್ದ ಕಾಗದ ತಂದಳು. ಅಜ್ಜನ ಹೆಸರಿನ ಮುಂದೆ ಭೂನ್ಯಾಯ ಮಂಡಳಿಯ ಆದೇಶದ ನಂಬರಿತ್ತು. "ಸರ್, ಇದು ಅರಸರ ಕಾಲದ್ದಲ್ಲವೇ?" ಎಂದು ಕೇಳಿದಳು. ಹೌದು ಎಂದೆ. ಕಾಗದವನ್ನು ಅಂಟಿಸಿ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಕೊಟ್ಟು ಕಳಿಸಿದೆ.