ಈಸ್ಟ್ ಬೆಂಗಾಲ್ ಕ್ಲಬ್ಬಿನ ಸರ್ವಶ್ರೇಷ್ಠ ಆಟಗಾರ: ಒಂದು ಐತಿಹಾಸಿಕ ವಿವೇಚನೆ

ವಾಡಿ ಜಂಕ್ಷನ್ನಿಗೆ ಅನತಿದೂರದಲ್ಲಿರುವ ರಾವೂರ ಗ್ರಾಮವು 1956ರ ಅಕ್ಟೋಬರ್ 31ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದಿತು. ಮರುದಿನ ಮೈಸೂರು ರಾಜ್ಯಕ್ಕೆ ಸೇರಿತು. ಈ ಸೀಮೆಯ ಜನರಿಗೆ ರಾಜಧಾನಿಯು ಹೈದರಾಬಾದಿನಿಂದ ಬೆಂಗಳೂರಿಗೆ ಬದಲಾಯಿತು. ಆದರೆ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತೆರೆದ ರೈಲುಹಾದಿಯು ಇದ್ದಲ್ಲಿಯೇ ಉಳಿಯಿತು. ಹಳೆಯ ನಂಟುಗಳೂ ಉಳಿದವು. ನಾವು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಇಬ್ಬರು ಕಾಲ್ಚೆಂಡಾಟಗಾರರಲ್ಲಿ ಒಬ್ಬರು ಸಿಕಂದರಾಬಾದಿನವರು, ಇನ್ನೊಬ್ಬರು ಬೆಂಗಳೂರಿನವರು. ಇಬ್ಬರೂ ತಮ್ಮ ಪ್ರಾಯದ ಉತ್ತಮ ಕಾಲವನ್ನು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಧಾರೆಯೆರೆದರು. ಆ ಕ್ಲಬ್ಬಿನ ಸರ್ವಶ್ರೇಷ್ಠನು ಯಾರೆಂಬ ವಾದದಲ್ಲಿ ಇವರಿಬ್ಬರ ಹೆಸರುಗಳೂ ತಪ್ಪದೆ ಬರುತ್ತವೆ. ಈ ಸೀಮೆಯವರಾದ ನಮಗೆ ಇಬ್ಬರೂ ನಮ್ಮವರೇ ಆದುದರಿಂದ ಪಕ್ಷಪಾತದ ಶಂಕೆಗೆ ಇಲ್ಲಿ ಎಡೆಯಿಲ್ಲ.

ಈ ಕ್ಲಬ್ಬು ಹುಟ್ಟಿದ್ದೇ ಆಟಗಾರನೊಬ್ಬನ ಯೋಗ್ಯತೆಯನ್ನು ಕುರಿತ ಕಲಹದಿಂದ. 1920ರ ಜುಲೈ ತಿಂಗಳಲ್ಲಿ ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಜೋಡಾಬಾಗಾನ್ ಕ್ಲಬ್ಬು ಶೈಲೇಶ ಬೋಸ್ ಎಂಬ ಆಟಗಾರರನ್ನು ತಂಡದಿಂದ ಕೈಬಿಟ್ಟಿತು. ಅದನ್ನು ಪ್ರತಿಭಟಿಸಿ ಉಪಾಧ್ಯಕ್ಷ ಸುರೇಶಚಂದ್ರ ಚೌಧುರಿಯವರು ಹೊರನಡೆದು, ಆಗಸ್ಟ್ 1ರಂದು ಸಂಗಡಿಗರೊಡನೆ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸ್ಥಾಪಿಸಿದರು. 1947ರ ದೇಶವಿಭಜನೆಯ ತರುವಾಯ ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದ ನಿರಾಶ್ರಿತರಿಗೆ ಈ ಕ್ಲಬ್ಬಿನ ಗೆಲುವು ತಮ್ಮ ಮಾನದ ಗೆಲುವೇ ಆಯಿತು. ಇಂತಹ ಕ್ಲಬ್ಬಿನಲ್ಲಿ ಶ್ರೇಷ್ಠನಾರೆಂದು ಕೇಳುವುದು ಕೇವಲ ಕಾಲಹರಣದ ಪ್ರಶ್ನೆಯಲ್ಲ.

ಬೆಂಗಳೂರಿನ ಅಹಮದ್ ಖಾನರು ಜನಿಸಿದುದು 1926ರಲ್ಲಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಭಾರತ ತಂಡದಲ್ಲಿ ಅವರಿದ್ದರು. 1949ರಲ್ಲಿ ಈಸ್ಟ್ ಬೆಂಗಾಲನ್ನು ಸೇರಿ ಹತ್ತು ವರ್ಷ ಅಲ್ಲಿಯೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಐವರು ಮುಂಪಡೆಯ ಆಟಗಾರರನ್ನು ಕಲ್ಕತ್ತೆಯ ಜನರು ‘ಪಂಚಪಾಂಡವರು’ ಎಂದು ಕರೆದರು. ಐವರೂ ದಕ್ಷಿಣದೇಶದವರು, ಬಂಗಾಳಿಗಳಲ್ಲ. ಇವರ ಕಾಲದಲ್ಲಿ ಕ್ಲಬ್ಬು 1949, 1950, 1952ರಲ್ಲಿ ಕಲ್ಕತ್ತೆಯ ಲೀಗನ್ನೂ, 1949ರಿಂದ 1951ರವರೆಗೆ ಸತತವಾಗಿ ಮೂರು ಬಾರಿ ಐ.ಎಫ್.ಎ. ಶೀಲ್ಡನ್ನೂ, 1949ರಲ್ಲಿ ರೋವರ್ಸ್ ಕಪ್ಪನ್ನೂ, 1951 ಮತ್ತು 1952ರಲ್ಲಿ ಡ್ಯೂರಾಂಡ್ ಕಪ್ಪನ್ನೂ ಗೆದ್ದಿತು. 1951ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅಹಮದ್ ಖಾನರಿದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯವು ಭಾರತವನ್ನು 10-1ರಿಂದ ಸೋಲಿಸಿದಾಗ ಆ ಒಂದು ಗೋಲು ಇವರದೇ. 2017ರಲ್ಲಿ ಅವರು ತೀರಿಕೊಂಡರು.

ತುಳಸೀದಾಸ್ ಬಲರಾಂ 1936ರಲ್ಲಿ ಸಿಕಂದರಾಬಾದಿನ ಬಳಿಯ ಅಮ್ಮುಗುಡದಲ್ಲಿ ಜನಿಸಿದರು. ಸೈಯದ್ ಅಬ್ದುಲ್ ರಹೀಮರ ಶಿಕ್ಷಣದಲ್ಲಿ ಪಳಗಿ, ಹೈದರಾಬಾದು ಸಿಟಿ ಪೋಲೀಸ್ ತಂಡದಲ್ಲಿ ಆಡಿ, 1957ರಲ್ಲಿ ಈಸ್ಟ್ ಬೆಂಗಾಲಿಗೆ ಬಂದರು. ನಾಲ್ಕನೆಯ ಸ್ಥಾನ ಪಡೆದ 1956ರ ಮೆಲ್ಬೋರ್ನ್ ಒಲಿಂಪಿಕ್ ತಂಡದಲ್ಲಿ ಅವರಿದ್ದರು. 1960ರಲ್ಲಿ ರೋಮಿನಲ್ಲಿ ಹಂಗೆರಿ ಮತ್ತು ಪೆರು ತಂಡಗಳ ವಿರುದ್ಧ ಒಂದೊಂದು ಗೋಲು ಹೊಡೆದರು. 1961ರಲ್ಲಿ ಅವರ ನಾಯಕತ್ವದಲ್ಲಿ ಕ್ಲಬ್ಬು ಲೀಗನ್ನು ಗೆದ್ದಿತು. 1962ರಲ್ಲಿ ಜಕಾರ್ತದ ಏಷ್ಯನ್ ಚಿನ್ನವೂ ಅರ್ಜುನ ಪ್ರಶಸ್ತಿಯೂ ದೊರೆತವು. ಕ್ಲಬ್ಬಿಗಾಗಿ ನೂರಕ್ಕೂ ಮಿಕ್ಕಿ ಗೋಲು ಗಳಿಸಿದ ಈ ಆಟಗಾರರು ಶ್ವಾಸಕೋಶದ ಬೇನೆಯಿಂದ ಇಪ್ಪತ್ತೇಳರ ಸುಮಾರಿಗೇ ಆಟಕ್ಕೆ ವಿದಾಯ ಹೇಳಬೇಕಾಯಿತು. 2023ರಲ್ಲಿ ಅವರು ನಿಧನ ಹೊಂದಿದರು.

ತರುವಾಯದ ಪೀಳಿಗೆಗಳೂ ತಮ್ಮ ತಮ್ಮ ನಾಯಕರನ್ನು ಮುಂದಿಡುತ್ತವೆ. 1970ರಿಂದ 1975ರವರೆಗೆ ಸತತವಾಗಿ ಆರು ಲೀಗುಗಳನ್ನು ಗೆದ್ದ ಕಾಲವನ್ನು ಕಂಡವರು ರಕ್ಷಣಪಂಕ್ತಿಯ ಸುಧೀರ್ ಕರ್ಮಾಕರರನ್ನು ಹೆಸರಿಸುತ್ತಾರೆ. ಎಂಬತ್ತರ ದಶಕದವರು ಕೃಶಾನು ಡೇ ಅವರನ್ನು. 1997ರಲ್ಲಿ ಮೋಹನ್ ಬಾಗಾನಿನ ಮೇಲೆ ಮೂರು ಗೋಲು ಹೊಡೆದುದನ್ನು ನೋಡಿದವರು ಬೈಚುಂಗ್ ಭುಟಿಯಾ ಅವರನ್ನು. ತಾನು ಕಣ್ಣಾರೆ ಕಂಡುದೇ ಶ್ರೇಷ್ಠವೆನ್ನುವುದು ಮನುಷ್ಯಸ್ವಭಾವ. ಇತಿಹಾಸಕಾರನು ಅದಕ್ಕೆ ವಶನಾಗಬಾರದು.

ಹಾಗಾದರೆ ಅಳತೆಗೋಲು ಯಾವುದು? ಗೋಲುಗಳ ಸಂಖ್ಯೆಯೆನ್ನುವವರು ಬಲರಾಮರಿಗೆ ಒಲಿಯುತ್ತಾರೆ. ಇಲ್ಲಿ ನಮ್ಮ ಆಕ್ಷೇಪವೊಂದುಂಟು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿರುವ 11ನೆಯ ಶತಮಾನದ ಶಾಸನವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟ ದಂಡನಾಯಕ ಮಧುಸೂದನನ ಹೆಸರು ಅದರಲ್ಲಿ ನಿಂತಿದೆ. ಅಲ್ಲಿ ಓದಿದ ನೂರಾರು ವಿದ್ಯಾರ್ಥಿಗಳದು ಬರಿಯ ಸಂಖ್ಯೆಯಾಗಿ ಉಳಿದಿದೆ. ದಾಖಲೆಯು ದಾನಿಯನ್ನು ನೆನೆಯುತ್ತದೆ, ದುಡಿದವರನ್ನು ಮರೆಯುತ್ತದೆ. ಫುಟ್‌ಬಾಲಿನ ದಾಖಲೆಯೂ ಹಾಗೆಯೇ. ಕೊನೆಯ ಒದೆ ಕೊಟ್ಟವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಎದುರಾಳಿಗಳನ್ನು ಹಾದು ಬಂದು ಚೆಂಡನ್ನು ಅವನ ಕಾಲಿಗೆ ಸೇರಿಸಿದವನ ಲೆಕ್ಕವನ್ನು ಆ ಕಾಲದಲ್ಲಿ ಇಟ್ಟವರಿಲ್ಲ. ಅಹಮದ್ ಖಾನರ ಹೆಚ್ಚುಗಾರಿಕೆ ಇದ್ದುದು ಈ ಎರಡನೆಯ ಕೆಲಸದಲ್ಲಿ. ಆದುದರಿಂದ ಗೋಲುಗಳ ಪಟ್ಟಿಯೊಂದನ್ನೇ ಪ್ರಮಾಣವಾಗಿ ಹಿಡಿದರೆ ಅವರಿಗೆ ಅನ್ಯಾಯವಾಗುತ್ತದೆ.

ಐವರ ಕೂಡುಬಲದಿಂದ ದೊರೆತ ಕೀರ್ತಿಯನ್ನು ಒಬ್ಬರಿಗೇ ಕಟ್ಟುವುದು ಹೇಗೆಂದು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಆದರೆ ಪಂಚಪಾಂಡವರ ಕೂಟ ಚದುರಿದ ಮೇಲೂ ಅಹಮದ್ ಖಾನರು ಕ್ಲಬ್ಬನ್ನು ಬಿಡಲಿಲ್ಲ. ಬಲರಾಂ ಬಂದಾಗಲೂ ಅವರು ಅಲ್ಲಿದ್ದರು. ಹೀಗೆ ಅವರ ಆಟವು ಎರಡು ಪೀಳಿಗೆಗಳನ್ನು ಬೆಸೆಯಿತು.

ವಾದದ ಗೊಂದಲಕ್ಕೆ ಮೂಲವು ಪ್ರಶ್ನೆಯಲ್ಲಿಯೇ ಇದೆ. ಕ್ಲಬ್ಬಿನ ಪರವಾಗಿ ಆಡಿದವರಲ್ಲಿ ಶ್ರೇಷ್ಠನಾರು ಎಂಬುದು ಒಂದು ಪ್ರಶ್ನೆ. ಕ್ಲಬ್ಬನ್ನು ಕ್ಲಬ್ಬನ್ನಾಗಿ ಮಾಡಿದವನಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬಲರಾಂ ಎಂದರೆ ನಾವು ವಿರೋಧಿಸುವುದಿಲ್ಲ. ಬೇನೆ ಅಡ್ಡಬಾರದಿದ್ದರೆ ಆ ಮಾತಿಗೆ ಇನ್ನೂ ಬಲ ಬರುತ್ತಿದ್ದಿತು. ಎರಡನೆಯದಕ್ಕೆ ಅಹಮದ್ ಖಾನರೇ ಉತ್ತರವೆಂದು ನಮ್ಮ ಅಭಿಪ್ರಾಯ. ಮನೆಮಾರು ಕಳೆದುಕೊಂಡು ಬಂದ ಜನರು ತಲೆಯೆತ್ತಿ ನಡೆಯಬೇಕಾಗಿದ್ದ ವರ್ಷಗಳಲ್ಲಿ ಅವರಿಗೆ ಗೆಲುವಿನ ರುಚಿ ತೋರಿಸಿದವರಲ್ಲಿ ಮುಂದಾಳು, ಅವರ ಭಾಷೆಯವನಲ್ಲದ, ಅವರ ಊರಿನವನಲ್ಲದ ಬೆಂಗಳೂರಿನ ಈ ಆಟಗಾರ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೇರಿದ ಸೀಮೆಯಲ್ಲಿ ಕುಳಿತು ಇದನ್ನು ಓದುವವರಿಗೆ, ಹೊರಗಿನಿಂದ ಬಂದವನೂ ಒಂದು ಜನದ ಹೆಮ್ಮೆಯಾಗಬಲ್ಲನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.