ಉಡದ ಸೊಂಟಕ್ಕೆ ಕಟ್ಟಿದ ಹಗ್ಗ

ಮುಧೋಳ ಅಂದ್ರೆ ಈಗ ಎಲ್ಲರಿಗೂ ನಾಯಿ ನೆನಪಾಗುತ್ತೆ. ಆ ಊರನ್ನು ಆಳಿದ ಘೋರ್ಪಡೆ ಮನೆತನದ ಹೆಸರಲ್ಲಿರೋದು ಮಾತ್ರ ಉಡ. ಮರಾಠಿಯಲ್ಲಿ ಘೋರ್ಪಡ ಅಂದ್ರೆ ಉಡ. ಬಹಮನಿ ಸುಲ್ತಾನರ ಮಂತ್ರಿ ಮಹಮದ್ ಗವಾನ್ 1469ರ ಹೊತ್ತಿಗೆ ಕೊಂಕಣದ ಮೇಲೆ ದಂಡೆತ್ತಿ ಹೋದಾಗ ಖೇಳಣಾ ಕೋಟೆ, ಅಂದರೆ ಇವತ್ತಿನ ವಿಶಾಲಗಡ, ಸುಲಭಕ್ಕೆ ಬಗ್ಗಲಿಲ್ಲವಂತೆ. ಆಗ ಈ ಮನೆತನದ ಹಿರಿಯರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆ ಹತ್ತಿಸಿದರು, ಅದು ಮೇಲೆ ಸಂದಿಯಲ್ಲಿ ಕಚ್ಚಿ ಹಿಡಿದ ಮೇಲೆ ಅದೇ ಹಗ್ಗದಲ್ಲಿ ತಾವೂ ಏರಿದರು, ಘೋರ್ಪಡೆ ಅನ್ನೋ ಬಿರುದು ಬಂದದ್ದು ಹಾಗೆ ಅನ್ನೋದು ಮನೆತನದ ಕಥೆ. 1670ರಲ್ಲಿ ತಾನಾಜಿ ಸಿಂಹಗಡ ಹತ್ತಿದ ಕಥೆಯಲ್ಲೂ ಇದೇ ಉಡ ಬರುತ್ತೆ.

ಉಡದ ಪಟ್ಟು ಅಂತ ನಾವೂ ಹೇಳ್ತೀವಿ, ಸರಿ. ಆದರೆ ದೊಡ್ಡ ಉಡ ಅಂದ್ರೂ ಆರೇಳು ಕೆ.ಜಿ. ಅದಕ್ಕೆ ಅರವತ್ತು ಕೆ.ಜಿ.ಯ ಸೈನಿಕ ಜೋತುಬಿದ್ದ ಅನ್ನೋದನ್ನು ನಾನು ನಂಬಲಾರೆ. ಕೈಕಾಲು ಗಟ್ಟಿಯಿದ್ದ ಒಬ್ಬ ಬರಿಗೈಯಲ್ಲೇ ಮೇಲೆ ಹೋಗಿ, ಯಾವುದೋ ಬಂಡೆಗೆ ಹಗ್ಗ ಬಿಗಿದು ಕೆಳಗೆ ಬಿಟ್ಟಿರಬೇಕು. ಆದರೂ ಕಥೆ ಕಟ್ಟಿದವರಿಗೆ ಸರಿಯಾದ ಪ್ರಶ್ನೆ ಹೊಳೆದಿದೆ: ಹಗ್ಗ ಇದೆ, ಮೇಲೆ ಅದನ್ನ ಏನಕ್ಕೆ ಕಟ್ಟಿದೆ?

ಬೆಂಗಳೂರಿನಿಂದ ಭಾನುವಾರ ಬೆಳಗಿನ ಜಾವ ರಾಮನಗರದ ಬೆಟ್ಟಗಳಿಗೆ ಹೊರಡೋ ನಮ್ಮಂಥವರ ಪ್ರಶ್ನೆಯೂ ಅದೇ. ಅದಕ್ಕೆ ಆ್ಯಂಕರ್ ಅಂತ ಹೆಸರು. ನಾವು ಹೆಚ್ಚಾಗಿ ಮಾಡೋದು ಟಾಪ್ ರೋಪ್. ಊರ ಕಡೆ ಸೇದೋ ಬಾವಿ ನೋಡಿದವರಿಗೆ ಇದನ್ನ ವಿವರಿಸೋದೇ ಬೇಡ. ರಾಟೆ ಮೇಲೆ ಹಗ್ಗ, ಒಂದು ತುದಿಗೆ ಕೊಡ, ಇನ್ನೊಂದು ತುದಿ ನಮ್ಮ ಕೈಲಿ. ಕೊಡದ ಜಾಗದಲ್ಲಿ ಹತ್ತೋ ಮನುಷ್ಯನನ್ನು ಇಡಿ, ಅಷ್ಟೇ. ಹದಿನೈದು ಕೆ.ಜಿ. ಕೊಡ ನೇತಾಡ್ತಿದ್ದರೆ ರಾಟೆಯ ತೊಲೆ ಹೊರೋದು ಸುಮಾರು ಮೂವತ್ತು ಕೆ.ಜಿ., ಯಾಕಂದ್ರೆ ಈ ಕಡೆ ಎಳೆದು ಹಿಡಿದವರ ಬಲವೂ ಅದರ ಮೇಲೇ. ಎಪ್ಪತ್ತು ಕೆ.ಜಿ.ಯವನು ಬಂಡೆಯಿಂದ ಕೈ ಬಿಟ್ಟರೆ ಆ್ಯಂಕರ್ ಮೇಲೆ ನೂರನಲವತ್ತರ ಹತ್ತಿರ. ಘರ್ಷಣೆ ಸ್ವಲ್ಪ ಕಡಿಮೆ ಮಾಡುತ್ತೆ.

ನೂರು ವರ್ಷದ ಹಿಂದೆ ಈ ಲೆಕ್ಕಕ್ಕಿಂತ ಮೊದಲು ಹಗ್ಗದ್ದೇ ಭಯ ಇತ್ತು. ನಾರಿನ ಹಗ್ಗ ಒಳಗೊಳಗೇ ಕೊಳೆಯುತ್ತೆ, ಝಾಡಿಸಿ ಎಳೆದರೆ ಹರಿಯುತ್ತೆ. 1935ರಲ್ಲಿ ಅಮೆರಿಕದಲ್ಲಿ ನೈಲಾನ್ ಹುಟ್ಟಿತು, ಎರಡನೇ ಮಹಾಯುದ್ಧ ಅದನ್ನ ಹಗ್ಗವಾಗಿಸಿತು. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಕಂಪನಿ ಒಳಗೆ ತಿರುಳು, ಹೊರಗೆ ನೇಯ್ದ ಕವಚ ಇರೋ ಹಗ್ಗ ತಂತು. ಇವತ್ತು ಕ್ಯಾರಬಿನರ್ ಕೊಂಡಿಯ ಮೈಮೇಲೆ ಕನಿಷ್ಠ 20 ಕಿಲೋನ್ಯೂಟನ್ ಅಂತ ಅಚ್ಚೊತ್ತಿರುತ್ತೆ, ಹತ್ತಿರ ಹತ್ತಿರ ಎರಡು ಟನ್. ಹಗ್ಗ ಗಟ್ಟಿಯಾದಷ್ಟೂ ದೋಷ ಮೇಲಕ್ಕೆ ಸರಿದು, ಕಟ್ಟೋ ಜಾಗಕ್ಕೂ ಕಟ್ಟೋ ರೀತಿಗೂ ಬಂತು.

ಮೊದಲನೇದು ಬಂಡೆ. ರಾಮನಗರದ ಕಲ್ಲು ಕ್ಲೋಸ್‌ಪೇಟ್ ಗ್ರಾನೈಟ್. ಊರಿನ ಹಳೇ ಹೆಸರೇ ಕ್ಲೋಸ್‌ಪೇಟೆ, ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಸುಮಾರು 250 ಕೋಟಿ ವರ್ಷದ ಕಲ್ಲು ಅಂದಕೂಡಲೇ ಕಣ್ಮುಚ್ಚಿ ನಂಬಬಾರದು. ಅದು ಈರುಳ್ಳಿ ಹಾಗೆ ಪದರ ಪದರವಾಗಿ ಬಿಡುತ್ತೆ. ಮನೆಯಷ್ಟು ದೊಡ್ಡ ಗುಂಡು ಇಳಿಜಾರಿನ ಮೇಲೆ ಸುಮ್ನೆ ಕೂತಿರುತ್ತೆ. ಮಡಕೆ ತಟ್ಟಿದ ಹಾಗೆ ತಟ್ಟಿ ನೋಡಬೇಕು, ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಬೇಕು. ಆಫೀಸಿನಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತ ಬೊಬ್ಬೆ ಹೊಡೆದು ಎರಡೆರಡು ಸರ್ವರ್ ಇಡಿಸೋರೇ ಇಲ್ಲಿ ಸ್ನೇಹಿತನನ್ನು ಒಂದೇ ಬೋಲ್ಟಿಗೆ ನೇತುಹಾಕಿದ್ದು ನೋಡಿದ್ದೀನಿ. ಒಂದೇ ಬೋಲ್ಟ್ ಅಂದ್ರೆ ಉಡವೇ.

ಎರಡನೇದು ಅಂಚು. ಹಳೇ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೀರು ನೋಡಿರ್ತೀರಿ. ಕಲ್ಲನ್ನೇ ಸವೆಸೋ ಉಜ್ಜಾಟ ಅದು, ಹಗ್ಗದ ಗತಿ ಏನು! ದಕ್ಷಿಣ ಇಂಗ್ಲೆಂಡಿನ ಮೆತ್ತನೆ ಮರಳುಗಲ್ಲಿನಲ್ಲಿ ಟಾಪ್ ರೋಪ್ ಹಗ್ಗಗಳು ಆಳವಾದ ಕಾಲುವೆಗಳನ್ನೇ ಕೊರೆದವು. ಅದಕ್ಕೇ ಹಗ್ಗ ಓಡೋ ಕೊಂಡಿ ಅಂಚಿನಿಂದ ಕೆಳಗೆ ತೂಗಿಬೀಳುವಷ್ಟು ಉದ್ದಕ್ಕೆ ಆ್ಯಂಕರ್ ಕಟ್ಟಬೇಕು ಅಂತ ಅಲ್ಲಿ ನಿಯಮ ಆಯ್ತು. ನಮ್ಮ ಬಾಣಸವಾಡಿಯಲ್ಲಿ ಅಪಾರ್ಟ್‌ಮೆಂಟಿನ ಹೊರಗೋಡೆಗೆ ಬಣ್ಣ ಬಳಿಯೋ ಹುಡುಗರಿಗೆ ಈ ನಿಯಮ ಯಾರೂ ಓದಿ ಹೇಳಿಲ್ಲ. ಆದರೂ ಹಗ್ಗ ಪ್ಯಾರಾಪೆಟ್ ದಾಟೋ ಕಡೆ ಗೋಣಿಚೀಲ ಮಡಿಸಿ ಇಡ್ತಾರೆ. ನಮ್ಮ ಮಹಡಿ ಮೇಲೆ ಒಬ್ಬನನ್ನ ಕೇಳಿದೆ, “ಇದ್ಯಾಕಪ್ಪ?” “ಇಲ್ದಿದ್ರೆ ಕುಯ್ದಾಕ್‌ಬಿಡುತ್ತೆ ಸಾರ್,” ಅಂದ, ನನ್ನ ಕಡೆ ತಿರುಗದೆ.

ಹಗ್ಗವನ್ನು ಕೊಂಡಿಯಿಲ್ಲದೆ ನೇರ ಸ್ಲಿಂಗ್ ಪಟ್ಟಿಯೊಳಗೆ ತೂರಿಸೋರೂ ಇದ್ದಾರೆ. ನೈಲಾನ್ ಮೇಲೆ ನೈಲಾನ್ ಓಡಿದರೆ ಓಡೋ ಹಗ್ಗಕ್ಕೆ ಏನೂ ಆಗಲ್ಲ, ಒಂದೇ ಜಾಗದಲ್ಲಿ ಕಾಯೋ ಪಟ್ಟಿ ಕರಗಿ ತುಂಡಾಗುತ್ತೆ. ಇದಕ್ಕೆ ಎರಡನೇ ಅವಕಾಶ ಸಿಗಲ್ಲ.

ಇನ್ನು ತ್ರಿಕೋನ. ಎರಡು ಬೋಲ್ಟು, ಒಂದೇ ಸ್ಲಿಂಗ್. ಎರಡರೊಳಗೂ ತೂರಿಸಿ, ಕೆಳಗೆ ಎಳೆದು ಕೊಂಡಿ ಹಾಕಿದರೆ ಅಂದವಾದ ತ್ರಿಕೋನ. ಇದಕ್ಕೆ ಹತ್ತುವವರು ಇಟ್ಟ ಹೆಸರು ಅಮೆರಿಕನ್ ಡೆತ್ ಟ್ರಯಾಂಗಲ್. ಪ್ರತಿ ಬೋಲ್ಟಿನಿಂದ ಬೇರೆ ಕಾಲು ಇಳಿಸಿ ವಿ ಆಕಾರ ಮಾಡಿದಾಗ, ಕೆಳಗಿನ ಕೋನ 60 ಡಿಗ್ರಿ ಇದ್ದರೆ ಒಂದೊಂದು ಬೋಲ್ಟಿಗೆ ಭಾರದ ಶೇ. 58. ತ್ರಿಕೋನದಲ್ಲಿ ಅದೇ ಕೋನಕ್ಕೆ ಶೇ. 100, 90 ಡಿಗ್ರಿಗೆ ಶೇ. 131. ಮೇಲಿನ ಅಡ್ಡ ಎಳೆ ಎರಡೂ ಬೋಲ್ಟನ್ನು ಒಂದರ ಕಡೆ ಇನ್ನೊಂದನ್ನು ಎಳೆಯುತ್ತೆ, ಅದಕ್ಕೆ. ಪಿಯುಸಿಯಲ್ಲಿ ಬಲಗಳ ಸಂಯೋಜನೆ ಓದಿದವರು ಕಾಗದದ ಮೇಲೆ ಐದು ನಿಮಿಷದಲ್ಲಿ ತೆಗೀಬಹುದು. ವಿ ಆಕಾರವೂ ತೀರಾ ಅಗಲ ಆಗಬಾರದು, 120 ಡಿಗ್ರಿಗೆ ಅಲ್ಲೂ ಶೇ. 100 ಆಗುತ್ತೆ.

ಇದನ್ನೆಲ್ಲ ಹತ್ತುವವರ ಭಾಷೆಯಲ್ಲಿ ಹೇಳಿದ ಪುಸ್ತಕಗಳಲ್ಲಿ ಹೆಸರಾದದ್ದು ಜಾನ್ ಲಾಂಗ್ 1993ರಲ್ಲಿ ಬರೆದದ್ದು. ಭಾರ ಎರಡೂ ಕಡೆ ಸಮನಾಗಿ ಹಂಚಬೇಕು ಅನ್ನೋದು ಆಗ ದೊಡ್ಡ ಮಂತ್ರ. 2006ರ ಹೊಸ ಆವೃತ್ತಿಗಾಗಿ ಪ್ರಯೋಗಾಲಯದಲ್ಲಿ ಎಳೆದು ನೋಡಿದಾಗ, ಗಂಟು ಹಾಕಿದ ಕಾಲುಗಳು ಉದ್ದ ಗಿಡ್ಡ ಇದ್ದರೆ ಗಿಡ್ಡ ಕಾಲೇ ಹೆಚ್ಚು ಹೊರುತ್ತೆ ಅಂತ ಗೊತ್ತಾಯ್ತು. ಹದಿಮೂರು ವರ್ಷದ ಪಾಠವನ್ನು ಅದೇ ಪುಸ್ತಕದಲ್ಲಿ ತಿದ್ದಿಕೊಂಡರು. ಹಾಗಾಗಿ ಈಗ ನಾವು ಬೆಟ್ಟದ ಮೇಲೆ ಮೊದಲು ನೋಡೋದು, ಎರಡರಲ್ಲಿ ಯಾವುದು ಕಿತ್ತುಬಂದರೂ ಉಳಿದದ್ದು ಒಂದೇ ಪೂರ್ತಿ ಭಾರ ಹೊರುತ್ತಾ, ಆಗ ಗಂಟು ಜಾರದೆ ನಿಲ್ಲುತ್ತಾ ಅಂತ. ಆಮೇಲೆ ಎರಡು ಕೊಂಡಿ, ಬಾಯಿ ಎದುರುಬದುರು, ತಿರುಪು ಬಿಗಿ.