ಕೌಲು ಮತ್ತು ಕ್ಯಾಂಪು: ಶ್ರೀರಾಮನಗರಕ್ಕೆ ಬಂದವರ ಕಥೆ

ಊರು ಬಿಟ್ಟು ಹೊರಟವನ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಹೋದಲ್ಲಿ ಎಲ್ಲಿ ನೆಲೆಸುವುದು? ಬಾಡಿಗೆಗೆ ಇರುವುದೋ, ಇದ್ದದ್ದನ್ನು ಮಾರಿ ಸ್ವಂತದ್ದು ಮಾಡಿಕೊಳ್ಳುವುದೋ? ದುಬೈಗೋ ಜಿದ್ದಾಕ್ಕೋ ಹೊರಟ ನಮ್ಮ ಹುಡುಗರಿಗೆ ಇವು ಹೊಸ ಪ್ರಶ್ನೆಗಳೆನಿಸಬಹುದು. ಆದರೆ ಎಪ್ಪತ್ತು ವರ್ಷಗಳ ಹಿಂದೆ ಕೃಷ್ಣಾ, ಗೋದಾವರಿ ತೀರದ ರೈತರೂ ಇವನ್ನೇ ಎದುರಿಸಿದ್ದರು. ಅವರು ಕಂಡುಕೊಂಡ ಉತ್ತರದಿಂದ ಗಂಗಾವತಿ ಸೀಮೆಯ ಚಹರೆಯೇ ಬದಲಾಯಿತು. ಗಂಗಾವತಿಯಿಂದ ಕಾರಟಗಿಯ ಹಾದಿಯಲ್ಲಿ ಸಿಗುವ ಶ್ರೀರಾಮನಗರ ಆ ಬದಲಾವಣೆಗೆ ಸಾಕ್ಷಿಯಾಗಿ ನಿಂತ ಊರು.

ಬಂದವರ ಪಾಲಿಗೆ ಇದು ಪರದೇಶವೇ ಆಗಿತ್ತು. ಅವರ ಗುಂಟೂರು, ಕೃಷ್ಣಾ, ಗೋದಾವರಿ ಜಿಲ್ಲೆಗಳು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಗಂಗಾವತಿ ಇದ್ದದ್ದು ಹೈದರಾಬಾದ್ ಸಂಸ್ಥಾನದಲ್ಲಿ. 1948ರ ಸೆಪ್ಟೆಂಬರ್‌ವರೆಗೆ ಆ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ತನ್ನದೇ ಅಂಚೆಯಿತ್ತು, ಕಚೇರಿಯ ಭಾಷೆ ಉರ್ದುವಾಗಿತ್ತು. ಈ ಎರಡು ಆಡಳಿತಗಳನ್ನು ಕೂಡಿಸಿದ್ದು ತುಂಗಭದ್ರೆ. 1945ರ ಫೆಬ್ರವರಿ 28ರಂದು ಅಣೆಕಟ್ಟಿಗೆ ಎರಡು ದಂಡೆಗಳಲ್ಲೂ ಅಡಿಗಲ್ಲು ಬಿತ್ತು. ಹೈದರಾಬಾದಿನ ಕಡೆ ಬೇರಾರಿನ ರಾಜಕುಮಾರ ಆಜಮ್ ಜಾಹ್, ಮದ್ರಾಸಿನ ಕಡೆ ಗವರ್ನರ್ ಆರ್ಥರ್ ಹೋಪ್. 1953ರಲ್ಲಿ ನೀರು ಹರಿಯುವ ಹೊತ್ತಿಗೆ ನಿಜಾಮರ ಆಳ್ವಿಕೆ ಮುಗಿದಿತ್ತು. 1956ರ ನವೆಂಬರ್ 1ರಂದು ಗಂಗಾವತಿ ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದ್ ರಾಜ್ಯಕ್ಕೆಂದು ಬಂದವರು ಇದ್ದ ಜಾಗದಲ್ಲೇ ಕನ್ನಡ ರಾಜ್ಯದವರಾದರು.

ನೀರು ಬಂದರೂ ಸ್ಥಳೀಯ ರೈತನಿಗೆ ಅದು ಕೂಡಲೇ ಭಾಗ್ಯವಾಗಲಿಲ್ಲ. ಮಳೆ ನಂಬಿ ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆದವನಿಗೆ ಹೊಲ ಸಮಮಾಡಿ ಬದು ಕಟ್ಟಿ ಗದ್ದೆ ಮಾಡಲು ಕೈಯಲ್ಲಿ ಹಣವಿರಲಿಲ್ಲ, ಭತ್ತದ ರೂಢಿಯೂ ಇರಲಿಲ್ಲ. ಬಂದವರ ಹಿಂದೆ ನೂರು ವರ್ಷದ ಅನುಭವವಿತ್ತು. ಗೋದಾವರಿಗೆ ಧವಳೇಶ್ವರದಲ್ಲಿ ಆರ್ಥರ್ ಕಾಟನ್ ಕಟ್ಟಿಸಿದ ಅಣೆ 1852ರಲ್ಲೇ ಮುಗಿದಿತ್ತು. ಅಲ್ಲಿ ಒಂದು ಎಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು.

ಎಲ್ಲಿ ಇರುವುದೆಂಬ ಪ್ರಶ್ನೆಗೆ ಅವರ ಉತ್ತರ ಸರಳವಾಗಿತ್ತು: ಹೊಲ ಇದ್ದಲ್ಲಿ. ಹಳೆಯ ಊರುಗಳಲ್ಲಿ ಮನೆ ಹುಡುಕದೆ ಕಾಲುವೆಯ ಬದಿಯಲ್ಲಿ ಗುಡಿಸಲು ಹಾಕಿದರು. ಅವೇ ಕ್ಯಾಂಪುಗಳು. ರಾತ್ರಿ ಸರದಿಯ ನೀರು ಕಟ್ಟಲು, ಬೆಳೆ ಕಾಯಲು ಅದೇ ಅನುಕೂಲ. ಗುಡಿಸಲು ಹೋಗಿ ಮನೆ ಬಂತು, ಗುಡಿ ಬಂತು, ಶಾಲೆ ಬಂತು, ಅಕ್ಕಿ ಗಿರಣಿ ಬಂತು. ಆದರೆ ಕ್ಯಾಂಪು ಎಂಬ ಹೆಸರು ಮಾತ್ರ ಹೋಗಲಿಲ್ಲ. ತಾತ್ಕಾಲಿಕ ಬಿಡಾರದ ಹೆಸರು ಮೂರು ತಲೆಮಾರಿಗೂ ಅಂಟಿಕೊಂಡಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಮಕ್ಕಳನ್ನೂ ಊರಿನವರು 'ಕ್ಯಾಂಪಿನವರು' ಎಂದೇ ಕರೆದರು.

ಎರಡನೆಯ ಪ್ರಶ್ನೆಗೆ ಎಲ್ಲರ ಉತ್ತರ ಒಂದೇ ಆಗಿರಲಿಲ್ಲ. ಹಣವಿದ್ದವರು ಕೊಂಡರು. ಇಲ್ಲದವರು ಹೊಲ ಕೌಲಿಗೆ ಹಿಡಿದು, ಉಳಿದ ಹಣದಲ್ಲಿ ಎಕರೆಗೆ ಎಕರೆ ಸೇರಿಸಿದರು. ನಮ್ಮ ಕಡೆ ಇದನ್ನೇ ಗುತ್ತಿಗೆ, ಲಾವಣಿ, ಈಚೆಗೆ ಲೀಜು ಎನ್ನುತ್ತೇವೆ. ಉರ್ದು ಓದಿದ ನಮ್ಮ ಕಿವಿಗೆ ಕೌಲು ಎಂಬ ಶಬ್ದ ಬೇರೆಯಾಗಿಯೇ ಕೇಳಿಸುತ್ತದೆ. ಅರಬ್ಬಿಯ 'ಕೌಲ್' ಎಂದರೆ ನುಡಿ, ಕೊಟ್ಟ ಮಾತು. ಜಮೀನು ಕೊಡುವವನು ಮತ್ತು ಹಿಡಿಯುವವನು ಪರಸ್ಪರ ಕೊಟ್ಟುಕೊಂಡ ಮಾತು.

ಕಾನೂನು ಈ ಮಾತಿನ ನಡುವೆ ಎರಡು ಸಲ ಬಂತು. 1950ರ ಹೈದರಾಬಾದ್ ಗೇಣಿ ಕಾಯ್ದೆ ರಕ್ಷಿತ ಗೇಣಿದಾರರಿಗೆ ಹಕ್ಕು ಕೊಟ್ಟಿತು. ಕರ್ನಾಟಕದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಉಳುವವನೇ ಒಡೆಯನಾಗಲಿ ಎಂಬ ಅದರ ಆಶಯ ದೊಡ್ಡದು. ಸಾವಿರಾರು ಬಡವರಿಗೆ ಅದು ಭೂಮಿ ಕೊಟ್ಟಿತು. ಆದರೆ ಕೌಲು ನಿಲ್ಲಲಿಲ್ಲ, ಕಾಗದದಿಂದ ಮಾತಿಗೆ ಇಳಿಯಿತು. ಬರೆದುಕೊಟ್ಟರೆ ಹೊಲ ಹೋಗುತ್ತದೆಂಬ ಭಯ ಒಡೆಯನಿಗೆ. ಬರೆದುಕೊಡೆಂದು ಕೇಳಿದರೆ ಬರುವ ವರ್ಷ ಹೊಲ ಸಿಗುವುದಿಲ್ಲವೆಂಬ ಭಯ ಕೌಲುದಾರನಿಗೆ.

ಇದರ ಬೆಲೆ ತಿಳಿಯುವುದು ಕಷ್ಟಕಾಲದಲ್ಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಊರು, ಕ್ಯಾಂಪು ಎರಡೂ ಒಂದೇ ಆತಂಕದಲ್ಲಿದ್ದವು. ಸ್ಟಾಪ್‌ಲಾಗ್ ಇಳಿಸಿ ನೀರು ಉಳಿಸಿದರು. ಉಳಿಯದೆ ಹೋಗಿದ್ದರೆ? ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನು ಕೌಲುದಾರ. ಪರಿಹಾರ ಬಂದರೆ ಅದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ.

ಇತಿಹಾಸ ಇಲ್ಲಿ ಒಂದು ಸುತ್ತು ತಿರುಗಿದೆ. ಅಂದು ಅಗ್ಗಕ್ಕೆ ಹೊಲ ಮಾರಿದವರ ಮಕ್ಕಳಲ್ಲಿ ಕೆಲವರು ಇಂದು ಅದೇ ಸೀಮೆಯಲ್ಲಿ ಕೌಲಿಗೆ ಹೊಲ ಹಿಡಿಯುತ್ತಾರೆ. ಇದಕ್ಕೆ ಬಂದವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಬೆವರು ಸುರಿಸಿ ಗದ್ದೆ ಮಾಡಿದವರು ಅವರು. ಕಾಲುವೆಯ ಮೇಲ್ಭಾಗದ ಭತ್ತ ನೀರು ಕುಡಿದು, ಕೊನೆಯ ಭಾಗದ ಮಾನ್ವಿ, ರಾಯಚೂರಿನ ರೈತ ಕಾದು ಕೂರುವುದೂ ಅಷ್ಟೇ ನಿಜ. ಅದರಲ್ಲಿ ಊರು, ಕ್ಯಾಂಪು ಎಂಬ ಭೇದವಿಲ್ಲ.

ಪಹಣಿಯಲ್ಲಿ ಸಾಗುವಳಿದಾರನಿಗೆಂದು ಒಂದು ಕಲಂ ಇದೆ. ಒಡೆಯನ ಹಕ್ಕಿಗೆ ಧಕ್ಕೆಯಾಗದಂತೆ, ಆ ವರ್ಷದ ಮಟ್ಟಿಗಾದರೂ ಅಲ್ಲಿ ಕೌಲುದಾರನ ಹೆಸರು ಬರೆಯುವ ದಾರಿ ಹುಡುಕಬೇಕು. ಬಾಯಿಮಾತನ್ನು ನಂಬಿ ಬೇಸಾಯ ಮಾಡಿದವರು ಈ ನಾಡಿಗೆ ಅನ್ನ ಕೊಟ್ಟಿದ್ದಾರೆ. ಆ ಮಾತಿಗೆ ಒಂದು ಸಾಲಿನ ದಾಖಲೆ ಕೊಡುವುದು ದೊಡ್ಡ ಬೇಡಿಕೆಯೇನಲ್ಲ.